ಪ್ರೊಫೆಸರರ ಕಾಗದಗಳು ಪಾಲಾದದ್ದು

ಹೋದ ವರ್ಷ ದೀಪಾವಳಿ ಪಾಡ್ಯದ ಮರುದಿನ ಮುನವಳ್ಳಿಯಲ್ಲಿ ಅವ್ವನ ತವರುಮನೆ ಪಾಲಾಯಿತು. ಅಣ್ಣನಿಗೂ ತಮ್ಮನಿಗೂ ಆರತಿ ಬೆಳಗಲೆಂದು ಅವ್ವ ಬೈಲಹೊಂಗಲದಿಂದ ಹೋಗಿದ್ದಳು. ನಾನು ಜೊತೆಗಿದ್ದೆ.

ಹಂಡೆ, ಹಾಸಿಗೆ, ಗಾಡಿ ಎಲ್ಲ ಮುಗಿದ ಮೇಲೆ ಒಂದು ಟ್ರಂಕು ಉಳಿಯಿತು. ಅದರಲ್ಲಿದ್ದದ್ದು ಅವ್ವನ ಮುತ್ತಜ್ಜನ ಕಾಗದಗಳು. ಹತ್ತೊಂಬತ್ತನೇ ಶತಮಾನದಲ್ಲಿ ಆತ ಪುಣೆಯಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಬೆಳಕಿನ ಪ್ರಯೋಗ, ಮಳೆಯ ಅಳತೆ, ತರಗತಿಯ ಪಾಠ, ಎಲ್ಲ ಬಿಡಿ ಹಾಳೆ, ಪುಟಸಂಖ್ಯೆ ಇಲ್ಲ. ಬೇಸಿಗೆಗೆ ತವರಿಗೆ ಹೋದಾಗಲೆಲ್ಲ ಅವ್ವ ಅವನ್ನು ಓದಿ, ಅನುಕ್ರಮ ಹಚ್ಚಿ, ದಾರ ಕಟ್ಟಿ ಇಟ್ಟಿದ್ದಳು. ಧಾರವಾಡದ ಒಂದು ಸಂಗ್ರಹಾಲಯ ಇಡಿಯಾಗಿ ತೆಗೆದುಕೊಳ್ಳಲು ಒಪ್ಪಿತ್ತು.

“ಇದೊಂದು ಪಾಲ ಮಾಡಬ್ಯಾಡ್ರಿ,” ಅಂದಳು ಅವ್ವ.

“ವರ್ಷಾ ವರ್ಷಾ ಸೀರಿ ಕುಬಸ ಒಯ್ಯತಿ,” ದೊಡ್ಡ ಮಾಮಾ ನಕ್ಕ. “ಈಗ ಮುತ್ತ್ಯಾನೂ ಬೇಕೇನವಾ ನಿನಗ?”

ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು, ಅದು ರೂಢಿ. ಒಳ್ಳೆಯದು ತಮ್ಮನ ಕೈಸೇರಬಾರದೆಂದು ದೊಡ್ಡ ಮಾಮಾ ದಾರ ಹರಿದು, ಇಸ್ಪೀಟು ಎಲೆಯಂತೆ ಹಾಳೆ ಹಂಚತೊಡಗಿದ. ಎಡಕ್ಕೊಂದು, ಬಲಕ್ಕೊಂದು.

“ಹಂಗ ಮಾಡಿದ್ರ ಓದಾಕ ಬರೂದಿಲ್ಲೋ ಅಣ್ಣಾ. ಪ್ರಯೋಗ ನಿನ್ನ ಕಡೆ, ಉತ್ತರ ಅವನ ಕಡೆ ಹೋಗತೈತಿ.”

“ಓದಾವ್ರು ಯಾರದಾರ ಇಲ್ಲಿ?” ಅಂದ ಸಣ್ಣ ಮಾಮಾ. ಪಂಚರಾಗಿ ಕೂತ ಹಿರಿಯರು ನಕ್ಕರು.

ಕೊನೆಗೆ ಒಂದು ದೊಡ್ಡ ಹಾಳೆ ಉಳಿಯಿತು, ದೂರದರ್ಶಕದ ಚಿತ್ರ.

“ಅಕ್ಕಾ, ಕತ್ತರಿ ತಾ,” ಅಂದ ಸಣ್ಣ ಮಾಮಾ.

ಅವ್ವ ಏಳಲಿಲ್ಲ. ಸಣ್ಣ ಮಾಮಾನ ಹೆಂಡತಿ ತಂದುಕೊಟ್ಟಳು. ಹೆಚ್ಚುಕಡಿಮೆ ಆಗಬಾರದೆಂದು ಒಬ್ಬ ಹಿರಿಯ ಹಾಳೆಯನ್ನು ನಡುವೆ ಮಡಚಿ ಉಗುರಿನಿಂದ ಗೀರಿಕೊಟ್ಟ.

ಆಮೇಲೆ ಅಣ್ಣತಮ್ಮಂದಿರು ಮಣೆಯ ಮೇಲೆ ಕೂತರು. ಅವ್ವ ಆರತಿ ಬೆಳಗಿದಳು.

ಯುಗಾದಿಯ ಹೊತ್ತಿಗೆ ದೊಡ್ಡ ಮಾಮಾ ತನ್ನ ಪಾಲನ್ನು ಸಂಗ್ರಹಾಲಯಕ್ಕೆ ಕೊಟ್ಟ. ಇಡಿಯಾಗಿ ಬೇಕೆಂದವರು ಅರ್ಧವನ್ನೇ ಇಟ್ಟುಕೊಂಡರು. ತನ್ನ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸಬಾರದೆಂಬ ಅವನ ಷರತ್ತಿಗೂ ಒಪ್ಪಿದರು. ಅಣ್ಣನ ಹೆಸರಿನ ಕೆಳಗೆ ತನ್ನ ಹೆಸರು ಬೇಡವೆಂದು ಸಣ್ಣ ಮಾಮಾ ಕೊಡಲಿಲ್ಲ. ಅವನ ಪಾಲು ಟ್ರಂಕಿನಲ್ಲಿದೆ.

ಶ್ರಾವಣದಲ್ಲಿ ಅವ್ವ ಧಾರವಾಡಕ್ಕೆ ಹೋಗಿ, ಇರುವಷ್ಟನ್ನಾದರೂ ಜೋಡಿಸಿಕೊಡುತ್ತೇನೆ ಎಂದಳು. ಕೊಟ್ಟವರ ಒಪ್ಪಿಗೆ ತನ್ನಿ ಎಂದರು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದಳು.

“ಆರತಿಗೆ ಬರ್ತಿಯಲ್ಲ, ಆವಾಗ ನೋಡೂಣಂತ ಬಾ.”

ಈ ವರ್ಷದ ದೀಪಾವಳಿ ಮೊನ್ನೆ ಮುಗಿಯಿತು. ಅವ್ವ ಹೋಗಿ ಇಬ್ಬರಿಗೂ ಆರತಿ ಬೆಳಗಿ, ಸೀರೆ ತೆಗೆದುಕೊಂಡು ಬಂದಳು. ಒಪ್ಪಿಗೆ ಸಿಕ್ಕಿಲ್ಲ.