ಮುದ್ದೆ ಒಂದು ಒಲೆ, ಸಾರು ಎರಡು ಒಲೆ

ಅಂಕಿಅಂಶದ ಪಟ್ಟಿ ಯಾವುದೇ ಕೈಗೆ ಸಿಗಲಿ, ನಾನು ಮೊದಲು ನೋಡುವುದು ಅದರ ಬುಡವನ್ನು. ಮೇಲೆ ದೇಶಗಳ ಹೆಸರು, ಪಕ್ಕದಲ್ಲಿ ಸಾಲುಸಾಲು ಅಂಕಿ, ಅವು ಅವುಗಳ ಪಾಡಿಗೆ ಇರಲಿ. ಯಾವುದೋ ಒಂದು ಅಂಕಿಯ ತಲೆಯ ಮೇಲೆ ಪುಟ್ಟ ನಕ್ಷತ್ರ ಕೂತಿರುತ್ತದಲ್ಲ, ಅದು ಕೆಳಗಿಳಿದು ಬಂದು ಇರುವೆ ಗಾತ್ರದ ಅಕ್ಷರದಲ್ಲಿ ಏನೋ ಒಪ್ಪಿಕೊಂಡಿರುತ್ತದೆ. ದೋಣಿಗಳಲ್ಲಿ ಬದುಕುವವರನ್ನು ಇಲ್ಲಿ ಸೇರಿಸಿಲ್ಲ ಅಂತಲೋ, ಈ ದೇಶದಲ್ಲಿ ಮನೆ ಅಂದರೆ ಬೇರೆ ಅರ್ಥ ಅಂತಲೋ. ಅದನ್ನು ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪೇಪರ್ ಹಿಡಿದು ಹಜಾರದ ಉದ್ದಕ್ಕೂ ಓಡಾಡುತ್ತೇನೆ. ‘ಪೇಪರ್ ಓದೋಕೂ ವಾಕಿಂಗ್ ಬೇಕಾ ನಿಮ್ಗೆ’ ಅಂತ ಹೆಂಡತಿ ಕೇಳುತ್ತಾಳೆ. ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಐದು ದಿನದ ಮಟ್ಟಿಗೆ ನಾನು ಒಂದು ಸಂಸಾರ ಒಡೆದವನು. ಅದೂ ಒಂದು ಬಾಲ್ ಪೆನ್ನಿನಿಂದ.

ತೊಂಬತ್ತರ ದಶಕದ ಮಾತು. ಡಿಗ್ರಿ ಮುಗಿಸಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಸರ್ಕಾರದ ಒಂದು ಕುಟುಂಬ ಸಮೀಕ್ಷೆಗೆ ತಾತ್ಕಾಲಿಕವಾಗಿ ತೆಗೆದುಕೊಂಡರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿಗೂ ಸೇರಿ ಒಂದೇ ತಂಡ, ಒಬ್ಬರೇ ಮೇಲ್ವಿಚಾರಕರು. ಅವರ ಹೆಸರು ಮರಿಯಪ್ಪ, ನಾಗಮಂಗಲದ ಕಡೆಯವರು. ತರಬೇತಿ ನಡೆದದ್ದು ಪಾಂಡವಪುರದಲ್ಲಿ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲ. ಕಿಟಕಿ ತೆಗೆದರೆ ಕಾರ್ಖಾನೆಯ ವಾಸನೆ, ಮುಚ್ಚಿದರೆ ನಮ್ಮದೇ ವಾಸನೆ. ಅರ್ಧ ತೆಗೆದು ಕೂತಿದ್ದೆವು.

‘ನೋಡ್ರಪ್ಪ, ದೇಶದೇಶಗಳೆಲ್ಲ ಸೇರ್ಕೊಂಡು ಒಂದು ಸಂಸ್ಥೆ ಮಾಡ್ಕೊಂಡವೆ’ ಅಂತ ಮರಿಯಪ್ಪನವರು ಶುರು ಮಾಡಿದರು. ‘ಅದು ಎಲ್ಲಾರ್ಗೂ ಒಂದೇ ತರದ ಪ್ರಶ್ನೆ ಕಳುಸ್ತದೆ. ಯಾಕೆ? ಬೂಕನಕೆರೆ ಅಂಕಿನೂ ಬ್ರೆಜಿಲ್ ಅಂಕಿನೂ ಪಕ್ಕಪಕ್ಕ ಮಡುಗುದ್ರೆ ಒಂದುನ್ನೊಂದು ನೋಡಿ ಮಾತಾಡ್ಬೇಕು. ಇವನು ಮಾವಿನಕಾಯಿ ಎಣಿಸಿ ಅವನು ಹಲಸಿನಕಾಯಿ ಎಣಿಸಿದ್ರೆ ಆಯ್ತದಾ? ಅದಕ್ಕೇ ಕುಟುಂಬ ಅಂದ್ರೇನು ಅಂತ ಮೊದ್ಲೇ ಹೇಳ್ಬುಡಬೇಕು. ನಮ್ಮಲ್ಲಿ ಒಂದೇ ಒಲೇಲಿ ಬೇಯ್ಸಿದ್ದ ಉಣ್ಣೋರು ಒಂದು ಕುಟುಂಬ. ಬರ್ಕೊಳಿ.’

ಬರೆದುಕೊಂಡೆ. ಎಂಥ ಸೊಗಸಾದ ವ್ಯಾಖ್ಯೆ ಅನ್ನಿಸಿತು. ರಕ್ತ, ಜಗಳ, ಪಾಲು, ಪತ್ರ ಯಾವುದೂ ಬೇಡ. ಒಲೆ ಎಷ್ಟಿದೆ ನೋಡು, ಬರಿ, ಮುಂದಿನ ಮನೆಗೆ ಹೋಗು. ಒಲೆ ಸುಳ್ಳು ಹೇಳುವುದಿಲ್ಲ ಅಂತ ನಂಬಿದ್ದ ವಯಸ್ಸು ಅದು.

ಆ ನಂಬಿಕೆ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಒಂದು ಸೋಮವಾರ ಮುರಿಯಿತು. ದೊಡ್ಡ ತೊಟ್ಟಿಮನೆ. ನಡುವೆ ಎದೆಮಟ್ಟದ ಹೊಸ ಗೋಡೆ. ಪಂಪ್‌ಸೆಟ್ಟಿನ ಸರದಿಯ ವಿಷಯಕ್ಕೆ ಜಗಳವಾಗಿ ಅಣ್ಣ ನಿಂಗೇಗೌಡ, ತಮ್ಮ ಬೋರೇಗೌಡ ಹಿಂದಿನ ವರ್ಷ ಬೇರೆಯಾಗಿದ್ದರು. ಇತ್ತ ಐದು ಜನ, ಅತ್ತ ನಾಲ್ಕು ಜನ. ಇವರಿಬ್ಬರಿಗೂ ಹಿರಿಯಣ್ಣ ಒಬ್ಬರಿದ್ದರಂತೆ, ತೀರಿಹೋಗಿದ್ದರು. ಅವರ ಹೆಂಡತಿ ದೇವೀರಮ್ಮ, ಐವತ್ತರ ಆಸುಪಾಸು, ಮಕ್ಕಳಿಲ್ಲ. ಆಸ್ತಿ ಪಾಲಾಯಿತು, ಹಸು ಪಾಲಾಯಿತು, ಒನಕೆ ಕೂಡ ಒಬ್ಬರ ಪಾಲಿಗೆ ಬಂತು. ಪಾಲಾಗದೆ ಉಳಿದದ್ದು ದೇವೀರಮ್ಮ ಮತ್ತು ಅವರ ಮುದ್ದೆ ಕೋಲು.

ಕಾರಣ ಸರಳ. ಗಂಟಿಲ್ಲದಂತೆ ಕೋಲಿನಲ್ಲಿ ತಿರುವಿ ಮುದ್ದೆ, ಅವರ ಮಾತಲ್ಲಿ ‘ಇಟ್ಟು’, ತೊಳಸುವುದು ಆ ಮನೆಯಲ್ಲಿ ಅವರೊಬ್ಬರಿಗೇ ಬರುತ್ತಿದ್ದದ್ದು. ಆದ್ದರಿಂದ ಸಾರು ಎರಡು ಕಡೆ ಬೇರೆಬೇರೆ ಕುದಿಯುತ್ತಿತ್ತು, ಮುದ್ದೆ ಮಾತ್ರ ಒಂದೇ ಒಲೆಯಲ್ಲಿ ಬೇಯುತ್ತಿತ್ತು. ಆ ಒಲೆ ನಿಂಗೇಗೌಡನ ಬದಿಗಿತ್ತು. ದೇವೀರಮ್ಮ ತಣ್ಣೀರಿಗೆ ಕೈ ಅದ್ದಿ ಹತ್ತು ಮುದ್ದೆ ಕಟ್ಟುತ್ತಿದ್ದರು. ತಕ್ಕಡಿ ತಂದು ತೂಗಿದರೂ ಗುಲಗಂಜಿಯಷ್ಟು ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ನಾಲ್ಕು ಮುದ್ದೆ ಗೋಡೆ ದಾಟಿ ಆಚೆ ಹೋಗುತ್ತಿದ್ದವು. ದೇವೀರಮ್ಮ ಮಾತ್ರ ಒಂದು ದಿನ ಇವರ ಸಾರಲ್ಲಿ, ಒಂದು ದಿನ ಅವರ ಸಾರಲ್ಲಿ ಊಟ ಮಾಡುತ್ತಿದ್ದರು.

ಈಗ ಹೇಳಿ, ಒಂದು ಕುಟುಂಬವೋ ಎರಡೋ? ಮುದ್ದೆಯ ಪ್ರಕಾರ ಒಂದು, ಸಾರಿನ ಪ್ರಕಾರ ಎರಡು. ಜೊತೆಗೆ ಇನ್ನೊಂದು ತೊಡಕು. ನಿಂಗೇಗೌಡ ‘ಅತ್ಗೆ ನಮ್ ಮನೇರು, ಬರ್ಕೊ’ ಅಂದ. ಗೋಡೆಯಾಚೆಯಿಂದ ಬೋರೇಗೌಡನೂ ‘ಅತ್ಗೆ ನಮ್ ಮನೇರು ಕಣ್ಸಾ, ಮೊದ್ಲು ನಮ್ದ್ರಲ್ಲಿ ಬರಿ’ ಅಂದ. ಒಬ್ಬರನ್ನೇ ಎರಡು ಸಲ ಎಣಿಸುವುದು ನಮ್ಮ ಕೈಪಿಡಿಯ ಪ್ರಕಾರ ಮಹಾಪರಾಧ.

ಕೈಪಿಡಿ ಬಿಚ್ಚಿದೆ. ಅನುಮಾನ ಬಂದಾಗ, ಕಳೆದ ಏಳು ದಿನದಲ್ಲಿ ಹೆಚ್ಚು ದಿನ ಎಲ್ಲಿ ಉಂಡಿದ್ದಾರೋ ಅಲ್ಲಿ ಬರೆಯಬೇಕು ಅಂತಿತ್ತು. ಏಳನ್ನು ಸಮನಾಗಿ ಹಂಚಲು ಬ್ರಹ್ಮನಿಗೂ ಆಗುವುದಿಲ್ಲ. ಆ ವಾರ ನಿಂಗೇಗೌಡನ ಮನೆಯಲ್ಲಿ ನಾಲ್ಕು ದಿನ, ಬೋರೇಗೌಡನ ಮನೆಯಲ್ಲಿ ಮೂರು ದಿನ ಬಿದ್ದಿತ್ತು. ವಾರಕ್ಕೆ ಎಂಟು ದಿನ ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಎರಡು ಕುಟುಂಬ ಅಂತ ಬರೆದು, ದೇವೀರಮ್ಮನನ್ನು ನಿಂಗೇಗೌಡನ ನಮೂನೆಗೆ ಹಾಕಿದೆ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಬೇಕು ಅಂತ ಬೇರೆ ಹೇಳಿಕೊಟ್ಟಿದ್ದರು. ವಿಧೇಯ ವಿದ್ಯಾರ್ಥಿ ನಾನು. ಗೋಡೆಯ ಆಚೆಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.

ಬುಧವಾರ ಅದೇ ಊರಿನ ಡೈರಿ ಮುಂದೆ ದೇವೀರಮ್ಮ ನನ್ನನ್ನು ಹಿಡಿದರು. ಕೈಯಲ್ಲಿ ಹಾಲಿನ ಕ್ಯಾನು.

‘ಏನಪ್ಪಾ ಮಗ, ಅದೇನ್ ಬರ್ದ್ಬುಟ್ಟೆ ನೀನು? ನೆನ್ನೆಯಿಂದ ಇಟ್ಟು ಆಚ್ಗೆ ಓಯ್ತಾ ಇಲ್ಲ. ಸರ್ಕಾರವೇ ಅತ್ಗೇನ ಅವ್ನ್ ಪಾಲ್ಗೆ ಬರದ್ ಮ್ಯಾಲೆ ನಮ್ಗ್ಯಾಕೆ ಅವ್ನ ಮನೆ ಇಟ್ಟು ಅಂತ ಬೋರ ಗೋಡೆ ಮ್ಯಾಲೇ ಮಡುಗ್ಬುಟ್ಟ. ನಾಕು ಮುದ್ದೆ ಅಂಗೇ ತಣ್ಗಾದೊ.’

‘ನೀವು ಊಟ ಎಲ್ಲಿ ಮಾಡ್ತಿದೀರಮ್ಮ?’

‘ಇಬ್ರು ಸಾರೂ ಬ್ಯಾಡ ಅಂದಿವ್ನಿ. ಉಪ್ಪು ಮೆಣ್ಸಿನ್ಕಾಯಿ ನಂಚ್ಕತೀನಿ.’ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದರು. ‘ಆ ಗೋಡೆ ದಾಟ್ತಾ ಇದ್ದುದ್ದು ಅದೊಂದೇ ಕಣಪ್ಪ. ಅದೂ ನಿಂತ್ರೆ ಇನ್ನೇನೈತೆ? ಬೋರನೆಂಡ್ತಿ ತೊಳ್ಸೋದು ಕಲ್ತ್ಕೊಂಬುಟ್ರೆ ಮುಗೀತು.’

ನನಗೆ ಕಾಲ ಕೆಳಗೆ ಕೆಂಡ ಹಾಕಿದಂತಾಯಿತು. ಏಳು ದಿನ ಮುದ್ದೆ ಗೋಡೆ ದಾಟದಿದ್ದರೆ ಕೈಪಿಡಿಯ ಪ್ರಕಾರವೇ ಅದು ಎರಡು ಕುಟುಂಬ. ಅಂದರೆ ನಾನು ಬರೆದದ್ದು ನಿಜವಾಗಿಬಿಡುತ್ತದೆ. ಇದ್ದದ್ದನ್ನು ಎಣಿಸಿ ಬಾ ಅಂತ ಕಳಿಸಿದರೆ ಇಲ್ಲದ್ದನ್ನು ಹುಟ್ಟಿಸಿ ಬರುತ್ತಿದ್ದೆ. ತಿದ್ದೋಣವೆಂದರೆ ನಮೂನೆಗೆ ನಂಬರಿದೆ, ಮರಿಯಪ್ಪನವರ ಸಹಿ ಇಲ್ಲದೆ ಒಂದು ಗೆರೆ ಹೊಡೆಯುವಂತಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದೆ. ‘ಸಾಹೇಬ್ರು ಪಾಂಡವಪುರಕ್ಕೆ ಓದ್ರಲ್ಲ’ ಅಂದರು. ಪಾಂಡವಪುರಕ್ಕೆ ಹೋದೆ. ಅಲ್ಲಿ ಅವರ ಕುರ್ಚಿಯ ಮೇಲೆ ಟವೆಲ್ಲಿತ್ತು, ಅವರಿರಲಿಲ್ಲ. ಸಂಜೆಯವರೆಗೆ ಆ ಟವೆಲ್ಲನ್ನೇ ನೋಡುತ್ತಾ ಕೂತೆ, ಎದ್ದೆ, ಕೂತೆ. ಸೀಟು ಖಾಲಿ ಇದ್ದ ಬಸ್ಸಿನಲ್ಲೂ ನಿಂತುಕೊಂಡೇ ಮನೆಗೆ ಬಂದೆ. ಕಂಡಕ್ಟರು ನನ್ನನ್ನು ಎರಡು ಸಲ ನೋಡಿದ. ಶುಕ್ರವಾರ ಶ್ರೀರಂಗಪಟ್ಟಣದ ಕಚೇರಿಗೆ ಹೋದರೆ ‘ನಿಮಿಷಾಂಬ ಗುಡಿ ಕಡೆ ಓದ್ರು’ ಅಂದರು. ನಮ್ಮ ಮನೆಯ ಹಿತ್ತಲಿನಿಂದ ಕಲ್ಲೆಸೆದರೆ ಬೀಳುವ ದೂರದಲ್ಲಿ, ಕಾವೇರಿಯ ಮೆಟ್ಟಿಲ ಮೇಲೆ, ಪ್ಯಾಂಟು ಮೊಣಕಾಲಿಗೆ ಮಡಚಿ ನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದರು ನಮ್ಮ ಮರಿಯಪ್ಪನವರು. ಪಕ್ಕದಲ್ಲಿ ಫೈಲು, ಫೈಲಿನ ಮೇಲೆ ಪ್ರಸಾದ.

ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

‘ಕೂತ್ಕೊಳ್ಲಾ ಮೊದ್ಲು’ ಅಂದರು. ‘ಒಂದ್ಸಲ ಡೆಲ್ಲಿಲಿ ಆ ಸಂಸ್ಥೆಯೋರು ಸಭೆ ಕರ್ದಿದ್ರು. ನಮ್ ಸಾಹೇಬ್ರ ಫೈಲು ಒತ್ಕೊಂಡು ನಾನೂ ಓಗಿದ್ದೆ, ಹಿಂದ್ಗಡೆ ಗೋಡೆಗೆ ಒರಗಿಕೊಂಡು ಕೂತಿದ್ದೆ. ಮಧ್ಯಾಹ್ನ ಪೂರ್ತಿ ಒಂದೇ ಮಾತು. ಕುಟುಂಬ ಅಂದ್ರೇನು. ಒಂದು ದೇಶದೋನು ಒಟ್ಟಿಗೆ ಉಣ್ಣೋರು ಅಂದ. ಇನ್ನೊಬ್ಬ ಒಂದೇ ಸೂರಿನ ಕೆಳಗೆ ಮಲಗೋರು ಅಂದ. ಮೂರನೆಯೋನ ಊರಲ್ಲಿ ಆರು ತಿಂಗ್ಳು ಡೇರೇಲಿ ಇರ್ತಾರಂತೆ, ಅವನಿಗೆ ಸೂರೇ ಇಲ್ಲ.’

‘ಕೊನೆಗೆ ಯಾರು ಗೆದ್ರು ಸಾರ್?’

‘ಗೆಲ್ಲೋಕೆ ಅದೇನು ಕಬಡ್ಡಿಯಾ? ಆ ಸಂಸ್ಥೆಗೆ ಪೊಲೀಸಿಲ್ಲ, ಕೋರ್ಟಿಲ್ಲ. ಖಾಲಿ ನಮೂನೆ ಕಳುಸ್ತದೆ, ತುಂಬಿ ಕಳಿಸ್ದೆ ಇದ್ರೆ ನೆನಪೋಲೆ ಕಳುಸ್ತದೆ, ಅಷ್ಟೇ. ಕೊನೆಗೆ ಇಷ್ಟಕ್ಕೆ ಒಪ್ಕೊಂಡ್ರು. ಆದಷ್ಟೂ ಒಂದೇ ತರ ಎಣಿಸಿ. ಆಗದೇ ಇದ್ರೆ ಏನು ಬೇರೆ ಮಾಡಿದ್ರಿ ಅಂತ ನಕ್ಷತ್ರ ಹಾಕಿ ಕೆಳಗೆ ಬರ್ದ್ಬುಡಿ. ಮುಚ್ಚಿಡಬೇಡಿ. ಗೊತ್ತಿಲ್ದೆ ಇದ್ರೆ ಸೊನ್ನೆ ಬರೀಬೇಡಿ, ಸೊನ್ನೆ ಬೇರೆ, ಗೊತ್ತಿಲ್ಲ ಅನ್ನೋದು ಬೇರೆ.’ ನೀರಲ್ಲಿ ಕಾಲಾಡಿಸಿದರು. ‘ಬೆಳಿಗ್ಗೆ ಅರ್ಧ ದಿನ ಅಧ್ಯಕ್ಷರನ್ನ ಆರಿಸೋಕೇ ಓಯ್ತು. ದೊಡ್ಡ ದೇಶಗಳಿಗೆ ಒಬ್ಬರ ಕಂಡ್ರೆ ಒಬ್ಬರಿಗಾಗಲ್ಲ. ಕೊನೆಗೆ ಯಾವುದೋ ಪುಟ್ಟ ದೇಶದ ಹೆಂಗಸ್ನ ಕೂರ್ಸಿದ್ರು. ಆಯಮ್ಮನ ಮೇಲೆ ಯಾರ್ಗೂ ಸಿಟ್ಟಿರಲಿಲ್ಲ, ಅದೇ ಆಯಮ್ಮನ ಅರ್ಹತೆ. ಕೊಡು ಇಲ್ಲಿ ನಿನ್ನ ನಮೂನೆ.’

ತಿದ್ದಲು ಸಹಿ ಹಾಕಿಕೊಟ್ಟರು. ಏನಂತ ತಿದ್ದಬೇಕು ಅಂತ ಮಾತ್ರ ಹೇಳಲಿಲ್ಲ. ‘ನಿನ್ ಕಣ್ಣಿಗೆ ಕಂಡದ್ದು ಬರಿ, ಷರಾ ಕಲಂನಲ್ಲಿ ಕಾರಣ ಬರಿ’ ಅಂದರಷ್ಟೆ. ಷರಾ ಅಂದರೆ ನಮೂನೆಯ ಕೊನೆಯ ಅಂಚಿನಲ್ಲಿ ಇರುವ, ಯಾರೂ ತುಂಬದ, ಯಾರೂ ಓದದ ಆ ಖಾಲಿ ಜಾಗ.

ಶನಿವಾರ ಬೂಕನಕೆರೆಯ ಬಸ್ಸಿನಲ್ಲಿ ನನಗೆ ಹೊಳೆದದ್ದು ಇದು. ಆ ಮನೆಯಲ್ಲೂ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆಯಲ್ಲ. ಅದಕ್ಕೂ ಪೊಲೀಸಿಲ್ಲ, ಕೋರ್ಟಿಲ್ಲ. ಎರಡು ಸದಸ್ಯ ರಾಷ್ಟ್ರಗಳಿಗೂ ಒಂದೇ ಅಳತೆಯ ಮುದ್ದೆ ಕಳಿಸುತ್ತದೆ. ಸಾರಿನ ವಿಷಯಕ್ಕೆ ತಲೆ ಹಾಕುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಗೋಡೆಯ ಪಕ್ಕದಲ್ಲೇ ಕೂತೆ. ಒಂದೇ ಕುಟುಂಬ ಅಂತ ತಿದ್ದುತ್ತೇನೆ ಅಂದೆ.

‘ಅಂಗಾರೆ ಯಜಮಾನ ಅಂತ ನನ್ನೆಸ್ರು ಬರ್ಕೊ. ಇರೀಕ ನಾನು’ ಅಂದ ನಿಂಗೇಗೌಡ.

ಗೋಡೆಯ ಮೇಲೆ ಬೋರೇಗೌಡನ ತಲೆ ಎದ್ದಿತು. ‘ಇರೀಕ್ನಂತೆ. ಮೋಟ್ರು ಸ್ವಿಚ್ಚಾಕಕ್ಕೂ ನೀನೇ ಇರೀಕ, ನೀರ್ ನಿಲ್ಸಕ್ಕೂ ನೀನೇ ಇರೀಕ. ಬರೀಬ್ಯಾಡಿ ಸಾ ಇವ್ನೆಸ್ರ.’

‘ನೀನ್ ಸುಮ್ಕಿರ್ಲಾ, ಗೋಡೆ ಮ್ಯಾಲ್ ಕೋತಿ ಕೂತಂಗೆ ಕೂತವ್ನೆ.’

ನಾನು ತಲೆ ಎತ್ತದೆ ಹೇಳಿದೆ. ‘ಕುಟುಂಬದ ಮುಖ್ಯಸ್ಥೆ ದೇವೀರಮ್ಮ ಅಂತ ಬರೀತಿದೀನಿ.’

‘ಅವ್ನಲ್ದೆ ಇದ್ರೆ ಸರಿ’ ಅಂದ ಬೋರೇಗೌಡ. ‘ಅವ್ನೂ ಅಲ್ವಲ್ಲ, ಸರಿ’ ಅಂದ ನಿಂಗೇಗೌಡ. ಅವರಿಬ್ಬರೂ ಒಂದು ವರ್ಷದಲ್ಲಿ ಒಪ್ಪಿಕೊಂಡ ಮೊದಲನೆಯ ಮಾತಂತೆ ಅದು.

‘ಸುಮ್ಕೆ ಬರಿ ಅತ್ಲಾಗೆ, ನಾನ್ಯಾವ ಸೀಮೆ ಯಜಮಾನಿ’ ಅಂದರು ದೇವೀರಮ್ಮ, ಕೋಲು ತಿರುಗಿಸುವುದನ್ನು ನಿಲ್ಲಿಸದೆ. ‘ಆ ಮೂಲೇಲಿ ಅದೇನೋ ಗೀಚ್ತಾ ಇದ್ದೀಯಲ್ಲ, ಅದ್ನೂ ಓದು. ಓದ್ಸಲ ಓದಿ ಮನೆ ಕೆಡಿಸ್ದೆ.’

ಷರಾ ಓದಿದೆ. ‘ಈ ಮನೆಯಲ್ಲಿ ಮುದ್ದೆಗೆ ಒಂದು ಒಲೆ, ಸಾರಿಗೆ ಎರಡು ಒಲೆ. ಮುದ್ದೆಯ ಒಲೆಯಂತೆ ಒಂದು ಕುಟುಂಬ ಎಂದು ಎಣಿಸಲಾಗಿದೆ.’

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಬಳೆ ತೊಟ್ಟ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಖಾಲಿ ಗಂಗಳ. ಬೋರೇಗೌಡನ ಹೆಂಡತಿ ಮುಖ ತೋರಿಸಲಿಲ್ಲ, ಗಂಗಳವನ್ನು ಗೋಡೆಯ ಮೇಲಿಟ್ಟು ಬೆರಳಿಂದ ಎರಡು ಸಲ ಟಣ್ ಟಣ್ ಅನ್ನಿಸಿದಳು. ದೇವೀರಮ್ಮ ಕೈ ಅದ್ದಿ ನಾಲ್ಕು ಮುದ್ದೆ ಕಟ್ಟಿ ಅದರಲ್ಲಿಟ್ಟರು. ಗಂಗಳ ಹೋಯಿತು. ಅದರ ಹಿಂದೆಯೇ ಒಂದು ಬಟ್ಟಲು ಅವರೆಕಾಳಿನ ಸಾರು ಈಚೆ ಬಂತು, ಅತ್ತಿಗೆಗೆ. ಐದು ದಿನದ ಮೇಲೆ.

ನನ್ನನ್ನು ಉಣ್ಣದೆ ಹೋಗಲು ಬಿಡಲಿಲ್ಲ. ಒಂದು ಮುದ್ದೆ, ಒಂದು ಬದಿಗೆ ನಿಂಗೇಗೌಡನ ಮನೆಯ ಬಸ್ಸಾರು, ಇನ್ನೊಂದು ಬದಿಗೆ ಬೋರೇಗೌಡನ ಮನೆಯ ಅವರೆಕಾಳು ಸಾರು. ಎರಡೂ ಸೇರದ ಹಾಗೆ ನಡುವೆ ಮುದ್ದೆಯನ್ನೇ ಕಟ್ಟೆ ಮಾಡಿಕೊಂಡು ಉಂಡೆ. ಎರಡರಲ್ಲಿ ಯಾವುದು ಚೆನ್ನಾಗಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದು ಬುದ್ಧಿ ಬಂದಿದೆ.

ಉಣ್ಣುವಾಗ ದೇವೀರಮ್ಮನಿಗೆ ದೇಶಗಳ ಆ ಸಭೆಯ ಕಥೆ ಹೇಳಿದೆ. ಡೇರೆಯವನದು, ಸೂರಿನವನದು, ನಕ್ಷತ್ರದ್ದು. ಎಲ್ಲ ಕೇಳಿ, ಕೈಗೆ ಮೆತ್ತಿದ ಹಿಟ್ಟನ್ನು ತಿಕ್ಕಿ ತೆಗೆಯುತ್ತಾ ಕೇಳಿದರು.

‘ಅಲ್ಲ ಕಣಪ್ಪ, ಅಷ್ಟೊಂದು ದೇಸ್ದೋರು ಒಂದ್ಕಡೆ ಸೇರ್ತಾರೆ ಅಂದ್ಯಲ್ಲ. ಅಲ್ಲಿ ಇಟ್ಟು ತೊಳ್ಸೋರು ಯಾರು?’

ಕೇಳಿದವರೇ ಗಡಿಗೆ ತೊಳೆಯಲು ಎದ್ದು ಹೋದರು. ಇವತ್ತಿಗೂ ಪಟ್ಟಿಯ ಬುಡದಲ್ಲಿ ನಾನು ಹುಡುಕುವುದು ಆ ಮುದ್ದೆ ತೊಳಸುವವರ ಹೆಸರನ್ನೇ.