ಒಂದು ತಾಸಿನ ದಾರಿ

ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಕಂಡ ಎನ್ನುವ ಕಥೆಗಳನ್ನು ಕೇಳಿದಾಗಲೆಲ್ಲ ನಾನು ನಗುತ್ತಿದ್ದೆ. ಬೆಂಗಳೂರಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು ನಾನು. ಯಾವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಬೇಕಷ್ಟೆ ಎಂದು ನಂಬಿದವನು. ಕೆಲವು ವರ್ಷಗಳ ಹಿಂದಿನ ಆ ಮಧ್ಯಾಹ್ನವನ್ನು ಎಷ್ಟು ಬಿಚ್ಚಿ ನೋಡಿದರೂ ಕಾರಣ ಸಿಕ್ಕಿಲ್ಲ. ನೀವು ನಂಬದಿದ್ದರೆ ಬೇಸರವಿಲ್ಲ.

ತಾಯಿ ಇಲ್ಲದ ನನ್ನನ್ನು ಸುರಪುರದ ತನ್ನ ಗಂಡನ ಮನೆಯಲ್ಲಿಟ್ಟುಕೊಂಡು ಸಾಕಿದವಳು ಅಕ್ಕ ಶರಣಮ್ಮ. ಭಾವ ತೀರಿಕೊಂಡ ಮೇಲೆ ಅಲ್ಲೇ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ಭಾವನ ಮಣ್ಣಿಗೂ ನಾನು ಹೋಗಿರಲಿಲ್ಲ. "ದೂರ ಅದ ಅಕ್ಕ, ಬಸ್ಸಿನ್ಯಾಗ ರಾತ್ರಿ ಪೂರಾ ಹೋಗ್ತದ" ಅಂದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಬುರಗಿಗೆ ವಿಮಾನ ಶುರುವಾದ ಮೇಲೆ ಆ ನೆಪವೂ ಹೋಯಿತು, ಆದರೂ ನಾನು ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ. ಹೋದರೂ ಉಂಡು ಕೈ ತೊಳೆಯುವ ಮೊದಲೇ ವಾಚು ನೋಡಿಕೊಳ್ಳುತ್ತಿದ್ದೆ.

ಅಕ್ಕ ಹಾಸಿಗೆ ಹಿಡಿದಾಗ ಫೋನಿನಲ್ಲಿ ಕೇಳಿದ್ದು ಒಂದೇ.

"ವಿಮಾನದಾಗ ಒಂದ್ ತಾಸಿನ ದಾರಿ ಅಂತಲ್ಲೋ ತಮ್ಮಾ. ಒಮ್ಮಿ ಬಂದು ನಿನ್ನ ಕೈಲೆ ಒಂದ್ ಗುಟುಕು ನೀರ್ ಹಾಕಿ ಹೋಗು."

ಮುಂದಿನ ವಾರ ಎಂದೆ. ಮುಂದಿನ ವಾರವೂ ಅದನ್ನೇ ಅಂದೆ. ಕೊನೆಗೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಖಾಸೀಂಬಿ ಫೋನ್ ಮಾಡಿ, "ಇನ್ನ ತಡಾ ಮಾಡಬ್ಯಾಡ" ಎಂದಳು.

ಹನ್ನೆರಡೂವರೆಗೆ ವಿಮಾನ ಎದ್ದಿತು. ಒಂದೂ ಮುಕ್ಕಾಲಿಗೆ ಕಲಬುರಗಿಯಲ್ಲಿ ಇಳಿದೆ. ಅಕ್ಕನ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬಾಡಿಗೆ ಕಾರು ಹಿಡಿದು ಜೇವರ್ಗಿ, ಶಹಾಪುರ ದಾಟಿ ಸುರಪುರ ಸೇರಿದಾಗ ನಾಲ್ಕು ದಾಟಿತ್ತು. ಆಕಾಶದಲ್ಲಿ ಕಳೆದದ್ದಕ್ಕಿಂತ ನೆಲದ ಮೇಲೆಯೇ ಹೆಚ್ಚು ಹೊತ್ತು ಹಿಡಿಯಿತು.

ಅಕ್ಕ ಹೋಗಿಬಿಟ್ಟಿದ್ದಳು; ನಮ್ಮಲ್ಲಿ ಹೆಣವನ್ನು ಕೂಡಿಸುವಂತೆ ಅವಳನ್ನು ಆಗಲೇ ಗೋಡೆಗೆ ಒರಗಿಸಿ ಕೂಡಿಸಿದ್ದರು. ನನ್ನನ್ನು ಕಂಡು ಯಾರೂ ಅಳಲಿಲ್ಲ, ಜಾಗವನ್ನೂ ಬಿಡಲಿಲ್ಲ.

"ಮತ್ತ ಬಂದೇನು?" ಎಂದಳು ಖಾಸೀಂಬಿ. "ಆಗ ಒಂದರ್ಧ ತಾಸು ನಿಂತಿದ್ರ ನಿನ್ನ ಏನ್ ಗಂಟು ಹೋಗ್ತಿತ್ತು?"

ನನಗೆ ಅರ್ಥವಾಗಲಿಲ್ಲ. ನಾನು ಒಂದು ಗಂಟೆಗೆ ಬಂದೆನಂತೆ. ಮೈಮೇಲೆ ಇದೇ ಗೀರಿನ ಅಂಗಿ. ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ನೀರು ಹಾಕಿದೆನಂತೆ.

"ಅಕಿ ನಿನ್ನ ಕೈ ಹಿಡ್ಕೊಂಡು ನಕ್ಕಳು. ನೀ ವಾಚ್ ನೋಡ್ಕೊಂಡಿ, ಎದ್ದು ಹೋದಿ. ಅರ್ಧ ತಾಸಿಗಿ ಜೀವ ಹೋತು."

ಅಲ್ಲಿದ್ದ ಇನ್ನಿಬ್ಬರು ಹೆಂಗಸರು ಹೌದೆಂದರು. ಅಕ್ಕನದು ಜ್ವರದ ಕಣ್ಣು ಎನ್ನೋಣ. ನಾನು ಅಂಬೆಗಾಲಿಡುವಾಗಿನಿಂದ ನನ್ನನ್ನು ನೋಡಿದ ಖಾಸೀಂಬಿಗೂ ಏನಾಗಿತ್ತು?

ಬೋರ್ಡಿಂಗ್ ಪಾಸ್ ಜೇಬಿನಲ್ಲೇ ಇತ್ತು. ಕೈ ಅಲ್ಲಿಗೆ ಹೋಯಿತು. ತೋರಿಸಿದರೆ ಎದ್ದು ಹೋದವನು ನಾನಲ್ಲ ಎಂದಾಗುತ್ತಿತ್ತು. ಆದರೆ ನೀರು ಹಾಕಿದವನೂ ನಾನಲ್ಲ ಎಂದಾಗುತ್ತಿತ್ತು. ಅಕ್ಕ ತಮ್ಮನ ಕೈಯ ನೀರು ಕುಡಿದು ಹೋದಳು ಎಂದು ಆ ಹೆಂಗಸರು ಒಂದಿಷ್ಟು ಸಮಾಧಾನ ಮಾಡಿಕೊಂಡಿದ್ದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಬೈಸಿಕೊಂಡೆ. ಇವತ್ತಿಗೂ ಸುರಪುರದಲ್ಲಿ ನಾನು ಸಾಯುವ ಅಕ್ಕನ ಕೈ ಬಿಡಿಸಿಕೊಂಡು ಎದ್ದು ಹೋದವನು.

ಬಂದವನು ಯಾರೋ ನನಗೆ ತಿಳಿಯದು. ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನು ನಾನಾಗಿರಲಿಕ್ಕಿಲ್ಲ, ಅಷ್ಟು ಒಳ್ಳೆಯವನು ನಾನಲ್ಲ. ಆದರೆ ಆ ವಾಚು ನೋಡಿಕೊಂಡದ್ದು ಮಾತ್ರ ನಾನೇ.