ಬುಧವಾರ ಬಾರದವನು

ನನ್ನ ಗಂಡನಿಗೆ ಶಾಲೆಯಲ್ಲಿ ‘ಬುಧವಾರ’ ಎಂದೇ ಅಡ್ಡಹೆಸರು. ತಲೆ ನರೆತ ಮೇಲೂ ಹಳೆಯ ಸಹಪಾಠಿಗಳು ದಾರಿಯಲ್ಲಿ ಸಿಕ್ಕರೆ, “ಏನೋ ಬುಧವಾರ, ಇವತ್ತು ಬಂದಿದೀಯಾ?” ಎಂದು ನಗುತ್ತಿದ್ದರು. ಇವರೂ ನಗುತ್ತಿದ್ದರು. ಮನೆಗೆ ಬಂದು ಊಟ ಬೇಡ ಅನ್ನುತ್ತಿದ್ದರು.

ನಮ್ಮ ಮಾವನದು ಇಸ್ತ್ರಿ ಅಂಗಡಿ. ಲಾಡ್ಜಿನ ಬೆಡ್‌ಶೀಟು, ದಿಂಬಿನ ಚೀಲವೆಲ್ಲ ಬುಧವಾರ ಬೆಳಿಗ್ಗೆ ಗಂಟಾಗಿ ಬರುತ್ತಿದ್ದವು. ಸಂಜೆಗೆ ವಾಪಸ್ ಹೋಗಬೇಕು. ಆ ದಿನ ಹಿರಿಮಗನಾದ ಇವರನ್ನು ಶಾಲೆ ಬಿಡಿಸಿ ಇದ್ದಿಲು ಊದಲು, ಬಟ್ಟೆ ಮಡಚಲು ನಿಲ್ಲಿಸಿಕೊಳ್ಳುತ್ತಿದ್ದರು. ವಾರಕ್ಕೆ ಒಂದೇ ದಿನ ತಾನೇ ಎಂದು.

ಲೆಕ್ಕದ ಮೇಷ್ಟ್ರು ಹೊಸ ಪಾಠ ಶುರು ಮಾಡುತ್ತಿದ್ದುದೇ ಬುಧವಾರ. ಗುರುವಾರ ಇವರು ಹೋಗಿ ಕೂತರೆ, ಅರ್ಧ ಸಿನಿಮಾ ಮುಗಿದ ಮೇಲೆ ಒಳಗೆ ಹೋದ ಹಾಗೆ. ಯಾರು ಯಾಕೆ ಅಳುತ್ತಿದ್ದಾರೋ ತಿಳಿಯದು. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರಂತೆ. ಹಿಂದಿನಿಂದ ನಗು. ಏಳನೇ ಕ್ಲಾಸಿನಲ್ಲಿ ಗುರುವಾರ ತಾವೇ ತಪ್ಪಿಸತೊಡಗಿದರು. ಆಮೇಲೆ ಶುಕ್ರವಾರ. ಬುಧವಾರ ತಪ್ಪಿಸಿದ್ದು ಅಪ್ಪ, ಮಿಕ್ಕಿದ್ದನ್ನು ನಾಚಿಕೆ ತಪ್ಪಿಸಿತು.

ಕರೆಂಟ್ ಕೆಲಸ ಕಲಿಯಬೇಕೆಂದು ಅವರಿಗೆ ಬಹಳ ಆಸೆ. ಕಲಿಸುವವರು ಹತ್ತನೇ ಕ್ಲಾಸು ಕೇಳಿದರು. ಇವರ ಹತ್ತಿರ ಏಳೂ ಇರಲಿಲ್ಲ. ಅದೇ ಅಂಗಡಿಯಲ್ಲಿ ಹೊಗೆ ಕುಡಿದುಕೊಂಡು ನಿಂತರು. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದವು. ಕೊನೆಗೆ ಎದೆ ಕೆಟ್ಟು, ಕೆಮ್ಮಿ ಕೆಮ್ಮಿ ಹೋದರು. ಒಳ್ಳೆಯ ಮನುಷ್ಯ ಎಂದು ಬಂದವರೆಲ್ಲ ಅಂದರು. ಒಳ್ಳೆಯವರಾಗಿ ಏನು ಸಿಕ್ಕಿತು?

ಮಗಳ ಶಾಲೆಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿದ್ದರು. ಅವಳು ಹೊಟ್ಟೆನೋವು ಅಂದರೆ, “ಅದನ್ನೂ ಸ್ಕೂಲಿಗೆ ಕರ್ಕೊಂಡು ಹೋಗು ಪುಟ್ಟಿ, ಅದೂ ನಾಲ್ಕಕ್ಷರ ಕಲೀಲಿ” ಎನ್ನುತ್ತಿದ್ದರು.

ಈಗ ಅವಳೂ ಏಳನೇ ಕ್ಲಾಸು. ಅಂಗಡಿ ನನ್ನ ತಲೆಯ ಮೇಲೆ. ಮೊನ್ನೆ ಮೈದುನ ಬಂದು ಕೂತ.

“ಅತ್ತಿಗೆ, ಬುಧವಾರ ಒಂದಿನ ಮಗು ಅಂಗಡೀಲಿರ್ಲಿ. ಲಾಡ್ಜಿನ ಕೆಲಸ ನಿಮ್ಮೊಬ್ಬರ ಕೈಲಿ ಆಗಲ್ಲ. ಒಂದಿನಕ್ಕೆ ಏನು ಆಕಾಶ ಕಳಚಿ ಬೀಳತ್ತಾ?”

“ನಿನ್ನ ಮಗನ್ನ ಕಳ್ಸಪ್ಪ.”

“ಅವನಿಗೆ ಸ್ಕೂಲಿಲ್ವಾ?”

“ಇವಳಿಗೂ ಇದೆ.”

ಅತ್ತೆ ಒಳಗಿಂದಲೇ ಅಂದರು: “ಗಂಡ ಹೋದ್ಮೇಲೆ ಬಾಯಿ ಬಂತು ನೋಡು ಇವಳಿಗೆ.”

ಅದಕ್ಕೆಲ್ಲ ನಾನು ಜಗ್ಗುವವಳಲ್ಲ. ಆದರೆ ಬುಧವಾರ ಬೆಳಿಗ್ಗೆ ಮಗಳು ಯೂನಿಫಾರ್ಮ್ ಹಾಕದೆ ಗಂಟಿನ ಪಕ್ಕ ಬಂದು ಕೂತಳು.

“ಅಮ್ಮಾ, ನಾನೇ ಇರ್ತೀನಿ. ನಿನಗೆ ಸೊಂಟ ನೋವು. ಇವತ್ತೊಂದಿನ.”

ಅವಳಪ್ಪನೂ ಹೀಗೇ ಒಳ್ಳೆಯವರು.

“ಎದ್ದೇಳೇ! ನನ್ನ ಸೊಂಟದ ಉಸಾಬರಿ ನಿನಗ್ಯಾಕೆ?” ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಯೂನಿಫಾರ್ಮ್ ಹಾಕಿಸಿ, ಬ್ಯಾಗಿನ ಸಮೇತ ಹೊರಗೆ ತಳ್ಳಿ ಬಾಗಿಲು ಹಾಕಿದೆ. ಅವಳು ಅಳುತ್ತಾ ನಿಂತಿದ್ದಳು. ಆಮೇಲೆ ಹೋದಳು.

ಸಂಜೆಗೆ ಅರ್ಧ ಗಂಟು ಹಾಗೇ ಉಳಿದಿತ್ತು. ಮುಂದಿನ ಬುಧವಾರವೂ ಅದೇ ಕಥೆ. ಲಾಡ್ಜಿನ ಮ್ಯಾನೇಜರು, “ನಿಮ್ಮ ಕಷ್ಟ ಅರ್ಥ ಆಗತ್ತಮ್ಮ” ಎಂದು ಬಟ್ಟೆಯನ್ನು ಬೇರೆ ಅಂಗಡಿಗೆ ಕಳಿಸಿದ. ಮೈದುನ, “ಹೇಳಿರಲಿಲ್ವಾ?” ಎಂದು ಹೋದ.

ಈಗ ಬುಧವಾರ ನನಗೆ ಕೆಲಸವಿಲ್ಲ. ಮಗಳು ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಶಾಲೆಗೆ ಹೋಗುತ್ತಾಳೆ.